ಹೊಸ ವಿಭಾಗ ಮುಖ್ಯಸ್ಥರ ಸಾಮರ್ಥ್ಯದ ಬಗ್ಗೆ ಅನುಮಾನ ಬಂದಾಗ

ಪ್ರಶ್ನೆ: ನಾನು ತಾಲ್ಲೂಕು ಕೇಂದ್ರವೊಂದರ ಅನುದಾನಿತ ಪದವಿ ಪೂರ್ವ ಕಾಲೇಜಿನಲ್ಲಿ 14 ವರ್ಷಗಳಿಂದ ರಸಾಯನಶಾಸ್ತ್ರ ಉಪನ್ಯಾಸಕಿಯಾಗಿದ್ದೇನೆ. ನಮ್ಮ ವಿಭಾಗದ ಮುಖ್ಯಸ್ಥರು ಕಳೆದ ಮೇ ತಿಂಗಳಲ್ಲಿ ನಿವೃತ್ತರಾದರು. ಅವರ ನಂತರ ಹಿರಿಯಳು ನಾನೇ. ಆದರೂ ಆಡಳಿತ ಮಂಡಳಿಯವರು ನನಗಿಂತ ಎಂಟು ವರ್ಷ ಕಿರಿಯರಾದ, ಪಿಎಚ್.ಡಿ. ಪಡೆದಿರುವ ಒಬ್ಬರನ್ನು ಹೊರಗಿನಿಂದ ಕರೆತಂದು ಮುಖ್ಯಸ್ಥರನ್ನಾಗಿ ಮಾಡಿದರು. ಅವರು ಮೊದಲು ಪದವಿ ಕಾಲೇಜಿನಲ್ಲಿದ್ದವರು. ಈ ಐದು ತಿಂಗಳಲ್ಲಿ ನಾನು ಕಂಡದ್ದು ಇಷ್ಟು: ದ್ವಿತೀಯ ಪಿಯುಸಿಯ ಕಿರುಪರೀಕ್ಷೆಗೆ ಈಗ ಪಠ್ಯದಲ್ಲೇ ಇಲ್ಲದ ‘ಘನ ಸ್ಥಿತಿ’ ಅಧ್ಯಾಯದಿಂದ ಪ್ರಶ್ನೆ ಕೊಟ್ಟರು. ಪ್ರಯೋಗಾಲಯಕ್ಕೆ ಬೇಕಾದ ಸಾಮಗ್ರಿಯ ಬೇಡಿಕೆ ಪಟ್ಟಿಯಾದ ಇಂಡೆಂಟನ್ನು ಸೆಪ್ಟೆಂಬರ್‌ವರೆಗೆ ಕಳುಹಿಸಲೇ ಇಲ್ಲ. ಪರ್ಮಾಂಗನೇಟ್ ಟೈಟ್ರೇಷನ್ನಿನ (ಬ್ಯೂರೆಟ್ಟಿನಿಂದ ದ್ರಾವಣ ಇಳಿಸಿ ಪ್ರಮಾಣ ಅಳೆಯುವ ಪ್ರಯೋಗದ) ದಿನ ಸಲ್ಫ್ಯೂರಿಕ್ ಆಮ್ಲ ಮುಗಿದಿತ್ತೆಂದು ಹೈಡ್ರೋಕ್ಲೋರಿಕ್ ಆಮ್ಲವನ್ನೇ ಹಾಕಿಸಿದರು. ವಿದ್ಯಾರ್ಥಿಗಳ ಪ್ರಶ್ನೆಗೆ ‘ನಾಳೆ ಹೇಳುತ್ತೇನೆ’ ಎಂದವರು ಮತ್ತೆ ಆ ಮಾತೆತ್ತಲಿಲ್ಲ. ವಿಭಾಗದ ಸಭೆಯಲ್ಲಿ ಏನು ಕೇಳಿದರೂ ‘ನೋಡೋಣ’ ಎನ್ನುತ್ತಾರೆ. ಅವರು ಕಾಲೇಜಿನ ಟ್ರಸ್ಟಿನ ಧರ್ಮದರ್ಶಿಯೊಬ್ಬರ ಸಂಬಂಧಿ ಎಂಬ ಮಾತೂ ಸ್ಟಾಫ್ ರೂಮಿನಲ್ಲಿದೆ. ನಾನು ಪ್ರಾಂಶುಪಾಲರಿಗೆ ಹೇಳಬೇಕೇ, ನೇರವಾಗಿ ಅವರಿಗೇ ಹೇಳಬೇಕೇ, ಸುಮ್ಮನಿರಬೇಕೇ? ಏನು ಹೇಳಿದರೂ ಹೊಟ್ಟೆಕಿಚ್ಚು ಎಂದುಕೊಳ್ಳುತ್ತಾರೆ ಎಂಬ ಭಯ ಒಂದು ಕಡೆ, ಕೆಲಸಕ್ಕೆ ಕುತ್ತು ಬಂದೀತು ಎಂಬ ಭಯ ಇನ್ನೊಂದು ಕಡೆ.

ಉತ್ತರ: ನಾನು 31 ವರ್ಷ ರಸಾಯನಶಾಸ್ತ್ರ ಕಲಿಸಿದವನು. ಅದರಲ್ಲಿ 9 ವರ್ಷ ವಿಭಾಗವನ್ನೂ ಕೊನೆಯ 6 ವರ್ಷ ಕಾಲೇಜನ್ನೂ ನೋಡಿಕೊಂಡಿದ್ದೇನೆ. ನಿಮ್ಮಂಥ ಪತ್ರವನ್ನು ಮೇಜಿನ ಈಚೆಗೆ ಕುಳಿತು ಬರೆದಿದ್ದೇನೆ, ಆಚೆಗೆ ಕುಳಿತು ಓದಿಯೂ ಇದ್ದೇನೆ.

ನಿಮ್ಮ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ. 14 ವರ್ಷ ದುಡಿದ ಮೇಲೆ ಆ ಹೊಣೆ ನಿಮಗೆ ಬರಬೇಕಿತ್ತು ಎಂದು ನಿಮಗೆ ಅನಿಸಿದರೆ ಅದರಲ್ಲಿ ತಪ್ಪಿಲ್ಲ, ಆ ನೋವನ್ನು ಮುಚ್ಚಿಟ್ಟುಕೊಳ್ಳುವ ಅಗತ್ಯವೂ ಇಲ್ಲ. ನೋವಿದೆ ಎಂಬ ಕಾರಣಕ್ಕೆ ನೀವು ಕಂಡದ್ದು ಸುಳ್ಳಾಗುವುದಿಲ್ಲ. ಹೈಡ್ರೋಕ್ಲೋರಿಕ್ ಆಮ್ಲ ಹಾಕಿದ್ದು ನಿಮ್ಮ ಅಸಮಾಧಾನದಿಂದ ಹುಟ್ಟಿದ ಸಂಗತಿಯಲ್ಲ. ಆದರೆ ಆ ನೋವು ಮಾತಿನಲ್ಲಿ ಬೆರೆತರೆ ಕೇಳುವವರು ಆಮ್ಲದ ವಿಷಯವನ್ನು ಬಿಟ್ಟು ನಿಮ್ಮ ನೋವಿನ ವಿಷಯವನ್ನೇ ಹಿಡಿದುಕೊಳ್ಳುತ್ತಾರೆ. ಪ್ರಾಂಶುಪಾಲನಾಗಿ ನಾನೂ ಒಂದೆರಡು ಸಲ ಹಾಗೆ ಮಾಡಿದ್ದೇನೆ, ಅದಕ್ಕಾಗಿ ಈಗಲೂ ಬೇಸರವಿದೆ. ಹಾಗಾಗಿ ಮುಖ್ಯಸ್ಥರ ಹುದ್ದೆ ಯಾರಿಗೆ ಸಿಗಬೇಕಿತ್ತು ಎಂಬ ಪ್ರಶ್ನೆಯನ್ನು, ಅಗತ್ಯವೆನಿಸಿದರೆ, ಬೇರೆ ದಿನ ಬೇರೆ ಪತ್ರದಲ್ಲಿ ಕೇಳಿ. ಈ ವಿಷಯದ ಜೊತೆ ಅದನ್ನು ಕಟ್ಟಬೇಡಿ. ಧರ್ಮದರ್ಶಿಯ ಸಂಬಂಧಿ ಎಂಬ ಮಾತನ್ನು ಪೂರ್ತಿ ಬಿಟ್ಟುಬಿಡಿ. ಅದು ನಿಜವಾಗಿದ್ದರೂ ಟೈಟ್ರೇಷನ್ನಿನ ರೀಡಿಂಗ್ ಬದಲಾಗುವುದಿಲ್ಲ, ಸುಳ್ಳಾಗಿದ್ದರೆ ನಿಮ್ಮ ಉಳಿದ ಎಲ್ಲ ಮಾತುಗಳ ತೂಕವೂ ಅದರ ಜೊತೆಗೇ ಹೋಗುತ್ತದೆ.

ಹಿರಿತನದ ಬಗ್ಗೆ ಒಂದು ತಪ್ಪು ತಿಳಿವಳಿಕೆ ನಮ್ಮಲ್ಲಿ ಬಹಳ ಗಟ್ಟಿಯಾಗಿದೆ. ಪದವಿ ಪೂರ್ವ ಶಿಕ್ಷಣದಲ್ಲಿ ಉಪನ್ಯಾಸಕ ಮತ್ತು ಪ್ರಾಂಶುಪಾಲ ಎಂಬ ಹುದ್ದೆಗಳಿವೆ. ವಿಭಾಗದ ಮುಖ್ಯಸ್ಥ ಎನ್ನುವುದು ಕಾಲೇಜಿನ ಒಳಗಿನ ಕೆಲಸ ಹಂಚಿಕೆಯೇ ಹೊರತು ಬಡ್ತಿಯಿಂದ ಏರುವ ಬೇರೆ ವೃಂದವಲ್ಲ. ಹಿರಿಯರಿಗೆ ಅದನ್ನು ವಹಿಸುವುದು ಒಳ್ಳೆಯ ರೂಢಿ, ಆದರೆ ರೂಢಿಯನ್ನು ಹಕ್ಕೆಂದು ವಾದಿಸಹೊರಟರೆ ನೀವು ಸೋಲುವ ಸಾಧ್ಯತೆಯೇ ಹೆಚ್ಚು. ಇದರ ಇನ್ನೊಂದು ಮುಖವೂ ಇದೆ. ಪಿಎಚ್.ಡಿ. ಇರುವವರು ವಿಭಾಗವನ್ನು ತಾವಾಗಿಯೇ ಚೆನ್ನಾಗಿ ನಡೆಸುತ್ತಾರೆ ಎಂದು ಆಡಳಿತ ಮಂಡಳಿಗಳು ನಂಬಿಕೊಂಡಿರುವುದೂ ಅಷ್ಟೇ ತಪ್ಪು. ವರ್ಷಗಟ್ಟಲೆ ಒಂದೇ ಬಗೆಯ ಸಂಯುಕ್ತಗಳ ಮೇಲೆ ಸಂಶೋಧನೆ ಮಾಡಿದವರು ಲವಣ ವಿಶ್ಲೇಷಣೆಯನ್ನು ಕೈಯಾರೆ ಮಾಡಿ ಹತ್ತು ವರ್ಷವೇ ಆಗಿರಬಹುದು. ಮುಖ್ಯಸ್ಥರ ಕೆಲಸವೆಂದರೆ ವರ್ಕ್‌ಲೋಡ್ ಹಂಚುವುದು, ಪ್ರಾಯೋಗಿಕ ಬ್ಯಾಚುಗಳನ್ನು ಮಾಡುವುದು, ಇಂಡೆಂಟ್ ಬರೆಯುವುದು, ಸ್ಟಾಕ್ ರಿಜಿಸ್ಟರ್ ತಾಳೆ ನೋಡುವುದು, ಪ್ರಶ್ನೆಪತ್ರಿಕೆ ಅಧ್ಯಾಯವಾರು ಅಂಕ ಹಂಚಿಕೆಯ ನೀಲನಕ್ಷೆಗೆ ಹೊಂದಿದೆಯೇ ಎಂದು ಪರಿಶೀಲಿಸುವುದು, ಯಾರ ಪಾಠ ಎಲ್ಲಿಗೆ ಬಂದಿದೆ ಎಂದು ತಿಳಿದಿರುವುದು. ಇದರಲ್ಲಿ ಹೆಚ್ಚಿನದನ್ನು ಎಂ.ಎಸ್ಸಿ.ಯಲ್ಲಾಗಲಿ ಬಿ.ಇಡಿ.ಯಲ್ಲಾಗಲಿ ಕಲಿಸುವುದಿಲ್ಲ. ನೀವೂ ಇದನ್ನು ನಿವೃತ್ತರಾದ ಮುಖ್ಯಸ್ಥರ ಪಕ್ಕದಲ್ಲಿ ನಿಂತು ನೋಡಿಯೇ ಕಲಿತಿರುತ್ತೀರಿ. ಹೊಸಬರಿಗೆ ಆ ಪಕ್ಕ ಸಿಕ್ಕಿಲ್ಲ.

ಈಗ ನೀವು ಕಂಡ ಸಂಗತಿಗಳನ್ನು ಒಂದೊಂದಾಗಿ ತೂಗೋಣ, ಏಕೆಂದರೆ ಅವುಗಳ ತೂಕ ಒಂದೇ ಅಲ್ಲ.

‘ಘನ ಸ್ಥಿತಿ’ಯ ಪ್ರಶ್ನೆ ತಪ್ಪೇ. ಆದರೆ ಅದು ಅಜ್ಞಾನದ ತಪ್ಪಲ್ಲ, ಮಾಹಿತಿಯ ತಪ್ಪು. ನಮ್ಮ ಪಿಯು ವಿಜ್ಞಾನ ಪಠ್ಯ 2012-13ರಿಂದ ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿಯನ್ನು ಅನುಸರಿಸುತ್ತಿದೆ. ಎನ್‌ಸಿಇಆರ್‌ಟಿ ಪಠ್ಯವನ್ನು ಕಡಿತಗೊಳಿಸಿದಾಗ ಹನ್ನೆರಡನೆಯ ತರಗತಿಯ ರಸಾಯನಶಾಸ್ತ್ರದಲ್ಲಿ 16 ಅಧ್ಯಾಯಗಳಿದ್ದದ್ದು 10ಕ್ಕೆ ಇಳಿಯಿತು. ಘನ ಸ್ಥಿತಿ, ಮೇಲ್ಮೈ ರಸಾಯನಶಾಸ್ತ್ರ, ಲೋಹೋದ್ಧರಣ, ಪಿ-ಬ್ಲಾಕ್ ಧಾತುಗಳು, ಪಾಲಿಮರ್‌ಗಳು, ದೈನಂದಿನ ಜೀವನದಲ್ಲಿ ರಸಾಯನಶಾಸ್ತ್ರ ಇವು ಹೊರಹೋದವು. ಪದವಿ ಕಾಲೇಜಿನಲ್ಲಿದ್ದವರ ಕಪಾಟಿನಲ್ಲಿ ಹಳೆಯ ಪುಸ್ತಕವೇ ಇದ್ದರೆ ಈ ತಪ್ಪು ಆಗುವುದು ಸಹಜ. 2024ರ ಏಪ್ರಿಲ್‌ನ ಸಿಇಟಿಯನ್ನು ನೆನಪಿಸಿಕೊಳ್ಳಿ. ರಾಜ್ಯಮಟ್ಟದ ಪರೀಕ್ಷೆಯ ಪ್ರಶ್ನೆಪತ್ರಿಕೆಗಳಲ್ಲೇ ಪಠ್ಯದಿಂದ ಹೊರಗಿನ ಪ್ರಶ್ನೆಗಳು ಬಂದು, ಕೊನೆಗೆ ಪರೀಕ್ಷಾ ಪ್ರಾಧಿಕಾರ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಆ ಪತ್ರಿಕೆಗಳನ್ನು ಸಿದ್ಧಪಡಿಸಿದವರು ವಿಷಯ ತಿಳಿಯದವರಾಗಿರಲಾರರು. ಹಾಗಿದ್ದೂ ಲಕ್ಷಾಂತರ ಮಕ್ಕಳು ಆತಂಕಪಟ್ಟರು. ಆದ್ದರಿಂದ ಈ ತಪ್ಪನ್ನು ಅವರ ಸಾಮರ್ಥ್ಯದ ಲೆಕ್ಕಕ್ಕೆ ಹಾಕಬೇಡಿ, ಆದರೆ ಮತ್ತೆ ಆಗದಂತೆ ತಕ್ಷಣ ತಡೆಯಿರಿ.

ಇಂಡೆಂಟಿನ ವಿಷಯದಲ್ಲಿ ನನ್ನದೇ ಅನುಭವ ಹೇಳುತ್ತೇನೆ. ನಾನು ಮುಖ್ಯಸ್ಥನಾದ ಮೊದಲ ವರ್ಷ ನನಗೆ ಸಿಕ್ಕಿದ್ದು ಒಂದು ಬೀಗದ ಕೈ ಗೊಂಚಲು ಮಾತ್ರ. ಬೇಕಾದ ರಾಸಾಯನಿಕಗಳ ಪಟ್ಟಿ ಬೇಸಿಗೆ ರಜೆಗೆ ಮೊದಲೇ ಕಚೇರಿಗೆ ಹೋಗಬೇಕು, ಆಮೇಲೆ ಕೊಟೇಷನ್, ಆಮೇಲೆ ಮಂಡಳಿಯ ಒಪ್ಪಿಗೆ, ಆಮೇಲೆ ಸರಬರಾಜು ಎಂಬುದು ನನಗೆ ಗೊತ್ತಿರಲಿಲ್ಲ. ಆ ವರ್ಷ ಸಿಲ್ವರ್ ನೈಟ್ರೇಟ್ ಮುಗಿದು, ಕ್ಲೋರೈಡ್‌ನ ದೃಢೀಕರಣ ಪರೀಕ್ಷೆಯನ್ನು ಮೂರು ವಾರ ಬಾಯಿಮಾತಿನಲ್ಲಿ ಹೇಳಿಕೊಟ್ಟೆವು. ಬಿಳಿಯ ಮೊಸರಿನಂಥ ಒತ್ತರವನ್ನು (ದ್ರಾವಣದಲ್ಲಿ ಮೂಡುವ ಗಸಿಯನ್ನು) ಕಣ್ಣಾರೆ ನೋಡದ ಮಗುವಿಗೆ ಅದನ್ನು ವರ್ಣಿಸಿ ಏನು ಪ್ರಯೋಜನ? ವಿಭಾಗದಲ್ಲಿ ನನಗಿಂತ ಹಿರಿಯರಾದ ಒಬ್ಬರಿದ್ದರು. ಆ ಹೊಣೆ ತಮಗೆ ಬರುತ್ತದೆಂದು ಅವರು ಕಾದಿದ್ದರು. ಇಂಡೆಂಟ್ ಹೋಗಿಲ್ಲವೆಂದು ಅವರಿಗೆ ಜೂನ್‌ನಲ್ಲೇ ತಿಳಿದಿತ್ತು. ಎಷ್ಟೋ ವರ್ಷಗಳ ಮೇಲೆ ನಾವಿಬ್ಬರೂ ಆಪ್ತರಾದಾಗ ಅವರು ಹೇಳಿದ್ದು, “ನೀವು ಕೇಳಲಿಲ್ಲ, ನಾನು ಹೇಳಲಿಲ್ಲ” ಎಂದು. ನಾನು ಕೇಳದಿದ್ದುದಕ್ಕೆ ಕಾರಣ, ಕೇಳಿದರೆ ಇವನಿಗೆ ಬರುವುದಿಲ್ಲ ಎಂದುಕೊಳ್ಳುತ್ತಾರೆ ಎಂಬ ಅಳುಕು. ಅವರು ಹೇಳದಿದ್ದುದಕ್ಕೆ ಕಾರಣ, ಹೇಳಿದರೆ ತಲೆಹಾಕುತ್ತಾರೆ ಎಂದುಕೊಳ್ಳುವೆನೆಂಬ ಅಳುಕು. ನಡುವೆ ನಷ್ಟವಾದದ್ದು ಮಕ್ಕಳಿಗೆ. ಸಭೆಯಲ್ಲಿ ನಿಮ್ಮ ಮುಖ್ಯಸ್ಥರು ಹೇಳುವ ‘ನೋಡೋಣ’ದ ಹಿಂದೆ ಇಂಥದೇ ಅಳುಕಿರಬಹುದು. ಇದೆಯೇ ಇಲ್ಲವೇ ಎಂಬುದು ಅವರೊಬ್ಬರನ್ನೇ ಕೂರಿಸಿಕೊಂಡು ಮಾತನಾಡಿದಾಗ ಮಾತ್ರ ತಿಳಿಯುತ್ತದೆ, ನಾಲ್ಕು ಜನರ ಎದುರು ತಿಳಿಯುವುದಿಲ್ಲ.

ಹೈಡ್ರೋಕ್ಲೋರಿಕ್ ಆಮ್ಲದ ಪ್ರಸಂಗ ಮಾತ್ರ ಹಾಗಲ್ಲ. ಪರ್ಮಾಂಗನೇಟ್ ಕ್ಲೋರೈಡನ್ನು ಉತ್ಕರ್ಷಿಸಿ ಕ್ಲೋರಿನ್ ಮಾಡುತ್ತದೆ, ದ್ರಾವಣದಲ್ಲಿ ಮೋರ್ ಲವಣದ ಕಬ್ಬಿಣವಿದ್ದರೆ ಈ ಕ್ರಿಯೆ ಇನ್ನೂ ಸುಲಭವಾಗಿ ನಡೆಯುತ್ತದೆ, ಬ್ಯೂರೆಟ್‌ನಿಂದ ಇಳಿಯುವ ಪರ್ಮಾಂಗನೇಟ್ ಹೆಚ್ಚಾಗುತ್ತದೆ, ರೀಡಿಂಗ್ ತಪ್ಪಾಗುತ್ತದೆ. ಸಲ್ಫ್ಯೂರಿಕ್ ಆಮ್ಲವನ್ನೇ ಏಕೆ ಬಳಸಬೇಕು ಎಂಬುದು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ವರ್ಷವೂ ಕೇಳುವ ಪ್ರಶ್ನೆ. ಆ ಬ್ಯಾಚಿನ ಮಕ್ಕಳು ಹೊರಗಿನ ಪರೀಕ್ಷಕರ ಮುಂದೆ ನಿಂತು ‘ಎರಡೂ ನಡೆಯುತ್ತದೆ ಸರ್’ ಎಂದರೆ ಅಂಕ ಹೋಗುವುದು ಅವರದು. ಇದು ವಿಷಯದ ತಪ್ಪು ಎಂಬುದರಲ್ಲಿ ಅನುಮಾನವಿಲ್ಲ. ಆದರೂ ತೀರ್ಮಾನಕ್ಕೆ ಮೊದಲು ಎರಡು ಸಂಗತಿ ತಿಳಿಯಬೇಕು: ಅವರಿಗೆ ಗೊತ್ತಿಲ್ಲದೆ ಹಾಕಿಸಿದರೇ, ಅಥವಾ ಗೊತ್ತಿದ್ದೂ ಬ್ಯಾಚು ವ್ಯರ್ಥವಾಗಬಾರದೆಂಬ ಅವಸರದಲ್ಲಿ ಹಾಕಿಸಿದರೇ, ತಪ್ಪೆಂದು ತಿಳಿಸಿದಾಗ ಏನು ಮಾಡಿದರು. ನೀವು ತಿಳಿಸಿದ ಬಗ್ಗೆ ಪತ್ರದಲ್ಲಿ ಒಂದು ಮಾತೂ ಇಲ್ಲ. ಐದು ತಿಂಗಳ ಪಟ್ಟಿಯಲ್ಲಿ ಅವರು ಮಾಡಿದ ತಪ್ಪುಗಳೆಲ್ಲ ಇವೆ, ನೀವು ಹೇಳಿದ್ದು, ಅವರು ಕೇಳಿದ್ದು ಅಥವಾ ಕೇಳದೆ ಹೋದದ್ದು ಒಂದೂ ಇಲ್ಲ. ಕಠಿಣವಾಗಿ ಕಂಡರೆ ಕ್ಷಮಿಸಿ, ಆದರೆ ಪ್ರಾಂಶುಪಾಲರು ನಿಮ್ಮನ್ನು ಕೇಳುವ ಮೊದಲ ಪ್ರಶ್ನೆ ಇದೇ ಆಗಿರುತ್ತದೆ.

ಗಮನಿಸಿ, ಇಂಡೆಂಟ್ ತಡವಾದದ್ದೂ ಆಮ್ಲ ಬದಲಾದದ್ದೂ ಎರಡು ತಪ್ಪುಗಳಲ್ಲ, ಒಂದರ ಹೊಟ್ಟೆಯಲ್ಲಿ ಇನ್ನೊಂದು ಹುಟ್ಟಿದೆ. ಅಸಮರ್ಥರೆಂದು ನಾವು ಪಟ್ಟಿ ಮಾಡುವ ಎಷ್ಟೋ ಮಂದಿಯ ತಪ್ಪುಗಳು ಹೀಗೆ ಒಂದೇ ಬೇರಿನವು. ಆ ಬೇರನ್ನು ಸರಿಪಡಿಸಿದರೆ ಅರ್ಧ ಪಟ್ಟಿ ಖಾಲಿಯಾಗುತ್ತದೆ. ಖಾಲಿಯಾಗದೆ ಉಳಿದದ್ದೇ ನಿಜವಾದ ಸಮಸ್ಯೆ. ‘ನಾಳೆ ಹೇಳುತ್ತೇನೆ’ ಎಂಬ ಮಾತನ್ನು ನಾನು ತಪ್ಪೆನ್ನಲಾರೆ. ಗೊತ್ತಿಲ್ಲದ್ದನ್ನು ಬಾಯಿಗೆ ಬಂದಂತೆ ಹೇಳುವ ಅಧ್ಯಾಪಕರಿಗಿಂತ ನಾಳೆ ಎನ್ನುವವರೇ ಮೇಲು. ನಾಳೆ ಬರದಿರುವುದು ತಪ್ಪು, ಅದನ್ನು ಅವರಿಗೆ ನೆನಪಿಸುವುದು ಕಷ್ಟವಲ್ಲ.

ಹಾಗಾದರೆ ಏನು ಮಾಡಬೇಕು? ನನ್ನ ಅನುಭವದಲ್ಲಿ ಇಂಥ ಸಂಗತಿಗಳಿಗೆ ಮೂರು ವೇಗಗಳಿವೆ. ಮಗುವಿನ ಕಣ್ಣು, ಕೈ, ಜೀವಕ್ಕೆ ಅಪಾಯ ತರುವಂಥದ್ದಾದರೆ ಒಂದು ಗಂಟೆಯೂ ಕಾಯಬಾರದು. ಸಾರೀಕೃತ ಸಲ್ಫ್ಯೂರಿಕ್ ಆಮ್ಲಕ್ಕೆ ನೀರು ಸುರಿಯುವುದು, ಆಮ್ಲವನ್ನು ಪಿಪೆಟ್‌ನಲ್ಲಿ ಬಾಯಿಂದ ಎಳೆಸುವುದು, ಲೇಬಲ್ ಇಲ್ಲದ ಬಾಟಲಿಯನ್ನು ಮಕ್ಕಳ ಕೈಗೆ ಕೊಡುವುದು ಇಂಥವನ್ನು ಕಂಡಾಗ ಮುಖ್ಯಸ್ಥರು ಎಂದು ನೋಡದೆ ಅಲ್ಲೇ ತಡೆಯಿರಿ, ಅದೇ ದಿನ ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ತಿಳಿಸಿ. ಅಂಕಗಳನ್ನು ತಿದ್ದುವುದು, ಸ್ಟಾಕ್ ರಿಜಿಸ್ಟರಿನಲ್ಲಿ ಇಲ್ಲದ್ದನ್ನು ಇದೆಯೆಂದು ಬರೆಯುವುದು ಮುಂತಾದ ಅಪ್ರಾಮಾಣಿಕತೆಗೂ ಇದೇ ವೇಗ. ನಿಮ್ಮ ಪತ್ರದಲ್ಲಿ ಈ ಬಗೆಯ ಸಂಗತಿ ಒಂದೂ ಇಲ್ಲ, ಅದು ಸಮಾಧಾನದ ವಿಷಯ. ಎರಡನೆಯದು ಪಾಠದ ತಪ್ಪು. ಅದನ್ನು ಒಂದು ವಾರದೊಳಗೆ ಅವರಿಗೇ ಹೇಳಿ ಮಕ್ಕಳಿಗೆ ಸರಿಪಡಿಸಬೇಕು. ಮೂರನೆಯದು ಆಡಳಿತದ ಎಡವಟ್ಟು. ಅದಕ್ಕೆ ಒಂದು ಶೈಕ್ಷಣಿಕ ವರ್ಷದ ಅವಕಾಶವಾದರೂ ಬೇಕು, ಏಕೆಂದರೆ ಇಂಡೆಂಟಿನಿಂದ ಪ್ರಾಯೋಗಿಕ ಪರೀಕ್ಷೆಯವರೆಗಿನ ಚಕ್ರವನ್ನು ಒಂದು ಸಲ ಪೂರ್ತಿ ಸುತ್ತದ ಹೊರತು ಯಾರಿಗೂ ಅದು ಕೈವಶವಾಗುವುದಿಲ್ಲ.

ಅವರೊಡನೆ ಮಾತನಾಡುವಾಗ ಜಾಗ ಮತ್ತು ಹೊತ್ತು ಮುಖ್ಯ. ಸ್ಟಾಫ್ ರೂಮ್ ಬೇಡ, ಸಭೆ ಬೇಡ, ತರಗತಿ ಮುಗಿಸಿ ದಣಿದು ಬಂದ ಹೊತ್ತೂ ಬೇಡ. ಪ್ರಾಯೋಗಿಕ ತರಗತಿ ಇಲ್ಲದ ಮಧ್ಯಾಹ್ನ ಪ್ರಯೋಗಾಲಯದಲ್ಲೇ ಮಾತನಾಡಿ. ‘ನೀವು ತಪ್ಪು ಮಾಡಿದಿರಿ’ ಎಂದು ಆರಂಭಿಸದೆ ಕೆಲಸದಿಂದ ಆರಂಭಿಸಿ: “ಸರ್, ಹೈಡ್ರೋಕ್ಲೋರಿಕ್ ಆಮ್ಲ ಹಾಕಿದ ಬ್ಯಾಚಿನ ರೀಡಿಂಗ್ ಉಳಿದ ಬ್ಯಾಚುಗಳ ಜೊತೆ ಹೊಂದುತ್ತಿಲ್ಲ. ಪರ್ಮಾಂಗನೇಟ್ ಕ್ಲೋರೈಡಿನ ಜೊತೆಯೂ ವರ್ತಿಸುತ್ತದಲ್ಲ, ಆ ಬ್ಯಾಚಿಗೆ ಇನ್ನೊಂದು ಸಲ ಮಾಡಿಸೋಣವೇ? ನನ್ನ ಶನಿವಾರದ ಎರಡು ಪಿರಿಯಡ್ ಬಿಡುವಿದೆ.” ಇಷ್ಟು ಹೇಳಿ ನಿಲ್ಲಿಸಿ. ಅವರಿಗೆ ವಿಷಯ ಗೊತ್ತಿದ್ದರೆ ತಲೆದೂಗುತ್ತಾರೆ, ಗೊತ್ತಿಲ್ಲದಿದ್ದರೆ ಅಲ್ಲಿಯೇ ಗೊತ್ತಾಗುತ್ತದೆ. ಎರಡರಲ್ಲೂ ಅವರ ಮಾನ ಉಳಿಯುತ್ತದೆ, ಮಕ್ಕಳಿಗೆ ಸರಿಯಾದ ಪ್ರಯೋಗ ಸಿಗುತ್ತದೆ. ಒಪ್ಪದೆ, ‘ಏನೂ ವ್ಯತ್ಯಾಸವಾಗುವುದಿಲ್ಲ ಮೇಡಂ’ ಎಂದು ವಾದಿಸಿದರೆ ಆಗ ನಿಮ್ಮ ಅನುಮಾನಕ್ಕೆ ಮೊದಲ ಗಟ್ಟಿ ಆಧಾರ ಸಿಕ್ಕಿತು ಎಂದುಕೊಳ್ಳಿ.

ಅದೇ ದಿನ ಇನ್ನೊಂದು ಕೆಲಸ ಮಾಡಬಹುದು. ನಿವೃತ್ತರಾದ ಮುಖ್ಯಸ್ಥರು ಬರೆದಿಡದೆ ಹೋದದ್ದನ್ನು ನೀವು ಒಂದು ಹಾಳೆಯಲ್ಲಿ ಬರೆಯಿರಿ: ಯಾವ ತಿಂಗಳಲ್ಲಿ ಏನು ಆಗಬೇಕು, ಯಾವ ರಾಸಾಯನಿಕ ವರ್ಷಕ್ಕೆ ಎಷ್ಟು ಬೇಕು, ಈಗಿನ ಪಠ್ಯದ 10 ಅಧ್ಯಾಯಗಳು ಯಾವುವು, ಕಚೇರಿಯಲ್ಲಿ ಕಡತ ಯಾರ ಬಳಿ ಹೋಗುತ್ತದೆ. ಅವರು ಕೇಳುವವರೆಗೆ ಕಾಯಬೇಡಿ. ಇದರಲ್ಲಿ ನಿಮಗಿರುವ ಅಪಾಯವನ್ನೂ ಹೇಳಬೇಕು. ನೀವು ಕಲಿಸಿಕೊಟ್ಟದ್ದರ ಹೆಸರು ಅವರಿಗೆ ಬರಬಹುದು, ಅಥವಾ ಕ್ರಮೇಣ ಅವರ ಕೆಲಸವೆಲ್ಲ ನಿಮ್ಮ ಹೆಗಲಿಗೆ ಜಾರಬಹುದು. ಎರಡನೆಯದು ಹೆಚ್ಚು ನಡೆಯುತ್ತದೆ. ಆದ್ದರಿಂದ ಹಾಳೆ ಕೊಡಿ, ಇಂಡೆಂಟನ್ನು ನೀವೇ ಬರೆದು ಕೊಡಬೇಡಿ. ಮುಂದಿನ ವಿಭಾಗ ಸಭೆಯಲ್ಲಿ ಯಾವ ಕೆಲಸ ಯಾರು ಯಾವ ದಿನದೊಳಗೆ ಎಂಬುದು ನಡವಳಿ ಪುಸ್ತಕದಲ್ಲಿ ದಾಖಲಾಗುವಂತೆ ಕೇಳಿಕೊಳ್ಳಿ. ‘ನೋಡೋಣ’ ಎಂಬ ಮಾತಿಗೆ ದಿನಾಂಕ ಸಿಕ್ಕಿದರೆ ಅದು ನಿರ್ಧಾರವಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಬದಲಾವಣೆ ಕಾಣದಿದ್ದರೆ ಪ್ರಾಂಶುಪಾಲರ ಬಳಿ ಹೋಗಿ. ಅದು ಚಾಡಿಯಲ್ಲ. ಒಂದು ಪುಟಕ್ಕೆ ಮೀರದ ಪತ್ರದಲ್ಲಿ ದಿನಾಂಕ, ನಡೆದದ್ದು, ನೀವು ತಿಳಿಸಿದ ದಿನ, ಅದರಿಂದ ಆದ ಪರಿಣಾಮ ಇಷ್ಟೇ ಇರಲಿ. ‘ಅಸಮರ್ಥ’, ‘ಅನರ್ಹ’ ಎಂಬ ಪದಗಳು ಬೇಡ, ಆ ತೀರ್ಮಾನ ಓದುವವರದು. ಕೊನೆಯಲ್ಲಿ ನಿಮ್ಮ ಕೋರಿಕೆ ಸ್ಪಷ್ಟವಾಗಿರಲಿ. ‘ಅವರನ್ನು ತೆಗೆಯಿರಿ’ ಎಂದು ಕೇಳಿದರೆ ಪ್ರಾಂಶುಪಾಲರ ಕೈಯಲ್ಲಿ ಅದು ಇರಲಿಕ್ಕಿಲ್ಲ. ‘ಪ್ರಯೋಗಾಲಯದ ಹೊಣೆಯನ್ನು ಈ ವರ್ಷ ಬೇರೆಯವರಿಗೆ ವಹಿಸಿ’ ಅಥವಾ ‘ಕಿರುಪರೀಕ್ಷೆಯ ಪತ್ರಿಕೆಯನ್ನು ಇಬ್ಬರು ಪರಿಶೀಲಿಸುವಂತೆ ಮಾಡಿ’ ಎಂದರೆ ಅವರು ನಾಳೆಯೇ ಮಾಡಬಲ್ಲರು. ನನ್ನ ಕಾಲದಲ್ಲಿ ಒಬ್ಬ ಮುಖ್ಯಸ್ಥರ ಬಗ್ಗೆ ಬಂದ ದೂರು ಪೂರ್ತಿ ನಿಜವಾಗಿತ್ತು. ಮೂರು ಸಲ ಹೇಳಿದರೂ ಬಾಯಿಂದ ಪಿಪೆಟ್ ಎಳೆಸುವುದನ್ನು ಅವರು ಬಿಟ್ಟಿರಲಿಲ್ಲ. ನಾನು ಪ್ರಯೋಗಾಲಯವನ್ನು ಅವರ ಕೈಯಿಂದ ತೆಗೆದು ಥಿಯರಿ ಮಾತ್ರ ಕೊಟ್ಟೆ, ಅದನ್ನು ಅವರು ಚೆನ್ನಾಗಿಯೇ ಕಲಿಸಿದರು. ಪ್ರಾಂಶುಪಾಲರನ್ನು ದಾಟಿ ನೇರವಾಗಿ ಆಡಳಿತ ಮಂಡಳಿಗೋ ಇಲಾಖೆಯ ಉಪನಿರ್ದೇಶಕರಿಗೋ ಬರೆಯುವುದನ್ನು ಸುರಕ್ಷತೆ ಅಥವಾ ಅಪ್ರಾಮಾಣಿಕತೆಯ ವಿಷಯದಲ್ಲಿ, ಅದೂ ಪ್ರಾಂಶುಪಾಲರು ಕಿವಿಗೊಡದಿದ್ದಾಗ ಮಾತ್ರ ಮಾಡಿ. ನೇಮಿಸಿದವರಿಗೇ ಅವರ ನೇಮಕ ತಪ್ಪೆಂದು ಹೇಳಿದರೆ ಅವರು ಮೊದಲು ತಮ್ಮ ನಿರ್ಧಾರವನ್ನು ಸಮರ್ಥಿಸಿಕೊಳ್ಳುತ್ತಾರೆ.

ಕೆಲಸ ಹೋದೀತೆಂಬ ಭಯಕ್ಕೆ ಬರುತ್ತೇನೆ. ಕರ್ನಾಟಕ ಶಿಕ್ಷಣ ಕಾಯ್ದೆ 1983ರ 92ನೇ ಕಲಮಿನ ಪ್ರಕಾರ ಖಾಸಗಿ ಶಿಕ್ಷಣ ಸಂಸ್ಥೆಯ ನೌಕರರನ್ನು ವಿಚಾರಣೆ ನಡೆಸದೆ ವಜಾ ಮಾಡುವಂತಿಲ್ಲ, ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಹಾಗೆ ಮಾಡಿದರೆ 94ನೇ ಕಲಮಿನಂತೆ ಆದೇಶ ತಲುಪಿದ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಅನುದಾನಿತ ಹುದ್ದೆಯಲ್ಲಿ 14 ವರ್ಷ ಇರುವ ನಿಮಗೆ ಒಂದು ಪತ್ರದ ಕಾರಣಕ್ಕೆ ಕುತ್ತು ಬರುವುದು ಸುಲಭವಲ್ಲ. ಒಗ್ಗದ ಟೈಂಟೇಬಲ್, ಬೇಡದ ಡ್ಯೂಟಿಗಳಂಥ ಸಣ್ಣ ಕಿರುಕುಳಗಳು ಬರಬಹುದು, ಅವಕ್ಕೆ ಮನಸ್ಸನ್ನು ಸಿದ್ಧ ಮಾಡಿಕೊಳ್ಳಿ. ಆದರೆ ನಿಮ್ಮ ವಿಭಾಗದಲ್ಲಿ ತಾತ್ಕಾಲಿಕವಾಗಿ ದುಡಿಯುತ್ತಿರುವ ಕಿರಿಯರಿದ್ದರೆ ಅವರ ಸ್ಥಿತಿ ನಿಮ್ಮಂತಲ್ಲ. ಮುಂದಿನ ವರ್ಷ ಅವರನ್ನು ಕರೆಯದಿದ್ದರೆ ಆಯಿತು, ಕೇಳುವವರಿಲ್ಲ. ಅವರ ಸಹಿಯನ್ನು ಆ ಪತ್ರಕ್ಕೆ ಹಾಕಿಸಬೇಡಿ, ಅವರು ಹೇಳಿದ ಮಾತನ್ನು ಅವರ ಹೆಸರಿನಲ್ಲಿ ಬರೆಯಬೇಡಿ.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಈ ಬಗ್ಗೆ ಒಂದು ಸಾಲನ್ನೂ ಹಾಕಬೇಡಿ, ಬೇರೆಯವರು ಹಾಕಿದ್ದಕ್ಕೆ ಹೆಬ್ಬೆರಳನ್ನೂ ಒತ್ತಬೇಡಿ. ಅಧಿಕಾರವಿರುವವರಿಗೆ ಸದ್ಭಾವನೆಯಿಂದ ಕೊಟ್ಟ ದೂರಿಗೆ ಭಾರತೀಯ ನ್ಯಾಯ ಸಂಹಿತೆಯ ಮಾನನಷ್ಟದ ಕಲಮಿನಲ್ಲಿ ವಿನಾಯಿತಿ ಇದೆ, ಗುಂಪಿನಲ್ಲಿ ಆಡಿದ ಮಾತಿಗೆ ಆ ರಕ್ಷಣೆ ಸಿಗುವುದು ಕಷ್ಟ.

ಮಕ್ಕಳು ನಿಮ್ಮ ಬಳಿ ಬಂದು “ಆ ಸರ್‌ಗೆ ಏನೂ ಬರಲ್ಲ ಮೇಡಂ” ಎಂದಾಗ ನಿಮ್ಮ ಮುಖದ ಮೇಲೆ ಮೂಡುವ ಭಾವವನ್ನೇ ಅವರು ಮನೆಗೆ ಹೊತ್ತೊಯ್ಯುತ್ತಾರೆ. “ಯಾವುದು ಅರ್ಥವಾಗಲಿಲ್ಲ, ತಾ ನೋಡೋಣ” ಎಂದು ಪುಸ್ತಕ ತೆರೆಸಿ. ತಪ್ಪು ಕಲಿತದ್ದನ್ನು ಯಾರು ಕಲಿಸಿದರೆಂದು ಕೇಳದೆ ತಿದ್ದಿ. ಅವರಿಗೆ ಆ ಸರ್‌ ತರಗತಿಯಲ್ಲಿ ಇನ್ನೂ ಮೂರು ತಿಂಗಳು ಕೂರುವುದಿದೆ, ನಂಬಿಕೆ ಪೂರ್ತಿ ಕಳೆದುಕೊಂಡ ಮಗು ಸರಿಯಾಗಿ ಹೇಳಿದ್ದನ್ನೂ ಕೇಳಿಸಿಕೊಳ್ಳುವುದಿಲ್ಲ.

ಸುಮ್ಮನಿರುವುದೂ ಒಂದು ದಾರಿಯೇ ಎಂದು ನೀವು ಕೇಳಿದ್ದೀರಿ. ನಿಮಗೆ ಅದರಲ್ಲಿ ನಷ್ಟವಿಲ್ಲ, ಹಾಗಾಗಿಯೇ ನಮ್ಮಲ್ಲಿ ಹೆಚ್ಚಿನವರು ಅದನ್ನೇ ಆರಿಸಿಕೊಳ್ಳುತ್ತಾರೆ. ಆದರೆ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ 100 ಅಂಕಗಳಲ್ಲಿ 30 ಪ್ರಾಯೋಗಿಕದ್ದು, ಬಡ ಮನೆಯ ಎಷ್ಟೋ ಮಕ್ಕಳು ಆ 30ನ್ನು ನೆಚ್ಚಿಕೊಂಡೇ ಪಾಸಾಗುತ್ತಾರೆ. ನಿಮ್ಮ ಪತ್ರ ನನಗೆ ತಲುಪಿರುವುದು ನವೆಂಬರ್ ಮೊದಲ ವಾರ. ಪ್ರಾಯೋಗಿಕ ಪರೀಕ್ಷೆಗಳು ಸಾಮಾನ್ಯವಾಗಿ ವಾರ್ಷಿಕ ಪರೀಕ್ಷೆಗಿಂತ ಮೊದಲೇ ನಡೆಯುತ್ತವೆ, ನಡುವೆ ಕ್ರೀಡಾಕೂಟ, ವಾರ್ಷಿಕೋತ್ಸವಗಳಿಗೆ ಪಿರಿಯಡ್‌ಗಳು ಹೋಗುತ್ತವೆ. ಸೆಪ್ಟೆಂಬರ್‌ನಲ್ಲಿ ಕಳುಹಿಸಿದ ಇಂಡೆಂಟಿನ ಸಲ್ಫ್ಯೂರಿಕ್ ಆಮ್ಲ ಬಂದಿದೆಯೇ ಎಂದು ನಾಳೆ ಬೆಳಗ್ಗೆ ಅಟೆಂಡರ್ ಬಳಿ ವಿಚಾರಿಸಿ, ಬಂದಿದ್ದರೆ ಆ ಒಂದು ಬ್ಯಾಚಿಗೆ ಟೈಟ್ರೇಷನ್ ಮತ್ತೆ ಮಾಡಿಸುವ ಮಾತನ್ನು ಈ ವಾರದಲ್ಲೇ ಅವರೊಡನೆ ಆಡಿ.